ಶಕ್ತಿ ಕಡಿಮೆ ಮಾಡಿದರೆ ಚಿತ್ರ ಮಸುಕಾಗಬೇಕಲ್ಲವೆ?

ಪ್ರಶ್ನೆ: ಎಲೆಕ್ಟ್ರಾನ್‌ನ ಶಕ್ತಿ ಹೆಚ್ಚಿದಷ್ಟೂ ಅದರ ತರಂಗಾಂತರ ಕಿರಿದಾಗುತ್ತದೆ, ತರಂಗಾಂತರ ಕಿರಿದಾದಷ್ಟೂ ಸೂಕ್ಷ್ಮ ವಿವರಗಳು ಕಾಣುತ್ತವೆ ಎಂದು ಪಿಯುಸಿಯಲ್ಲಿ ಓದಿದ್ದೆ. ಈಗ ಬಿ.ಎಸ್ಸಿ. ಸೆಮಿನಾರಿಗೆ ವಿಷಯ ಹುಡುಕುವಾಗ 'ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ' ಎಂಬ ಉಪಕರಣದ ಹೆಸರು ಸಿಕ್ಕಿತು. ಬೇಕೆಂದೇ ಶಕ್ತಿ ಕಡಿಮೆ ಮಾಡುವುದೇಕೆ? ಇದು ಕನ್ನಡಕ ತೆಗೆದಿಟ್ಟು ಓದಲು ಕೂತ ಹಾಗಲ್ಲವೆ? ಇದರಲ್ಲಿ ಚಿಟ್ಟೆಯ ರೆಕ್ಕೆಯನ್ನು ನೋಡಬಹುದೆ?

ಉತ್ತರ: ಪಾಠದಲ್ಲಿ ಕಲಿತ ನಿಯಮಕ್ಕೂ ಕಣ್ಣಿಗೆ ಬಿದ್ದ ಸಂಗತಿಗೂ ತಾಳೆಯಾಗುತ್ತಿಲ್ಲ ಎಂಬುದನ್ನು ಗಮನಿಸಿ, ಅದನ್ನು ಅಲ್ಲಿಗೇ ಬಿಡದೆ ಕೇಳಿದ್ದೀರಿ. ಈ ಗೊಂದಲ ತೀರಾ ಸಹಜವಾದದ್ದು. ಭೌತವಿಜ್ಞಾನ ಓದಿದವರಲ್ಲೂ ಅನೇಕರು ಈ ಹೆಸರನ್ನು ಮೊದಲ ಸಲ ಕೇಳಿದಾಗ ಹುಬ್ಬೇರಿಸುತ್ತಾರೆ. ಕನ್ನಡಕದ ಹೋಲಿಕೆಯೂ ಚೆನ್ನಾಗಿದೆ. ಅದು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ನೋಡೋಣ.

ಮೊದಲು ನಿಮ್ಮ ನಿಯಮವನ್ನೇ ಅಂಕಿಗಳಲ್ಲಿ ಬರೆದುಕೊಳ್ಳೋಣ. ಡಿ ಬ್ರಾಯ್ ಸೂತ್ರದಿಂದ ಬರುವ ಸರಳ ಲೆಕ್ಕ ನಿಮಗೆ ನೆನಪಿರಬಹುದು: 1.227 ಅನ್ನು ವೋಲ್ಟ್‌ಗಳ ವರ್ಗಮೂಲದಿಂದ ಭಾಗಿಸಿದರೆ ತರಂಗಾಂತರ ನ್ಯಾನೋಮೀಟರ್‌ಗಳಲ್ಲಿ ಸಿಗುತ್ತದೆ. ವಸ್ತುವಿನ ಮೂಲಕ ಎಲೆಕ್ಟ್ರಾನ್‌ಗಳನ್ನು ಹಾಯಿಸಿ ನೋಡುವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ 2,00,000 ವೋಲ್ಟ್ ಬಳಸುತ್ತಾರೆ ಎನ್ನಿ. ಸೂತ್ರ ಕೊಡುವ ಉತ್ತರ 0.0027 ನ್ಯಾನೋಮೀಟರ್. ಅಷ್ಟು ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯನ್ನೂ ಸೇರಿಸಿಕೊಳ್ಳಬೇಕು, ಆಗ ಅದು 0.0025ಕ್ಕೆ ಇಳಿಯುತ್ತದೆ. ಇನ್ನು 10 ವೋಲ್ಟ್ ಹಾಕಿ ನೋಡಿ. ಸುಮಾರು 0.39 ನ್ಯಾನೋಮೀಟರ್ ಬರುತ್ತದೆ, ಅಂದರೆ ನೂರೈವತ್ತು ಪಟ್ಟಿಗಿಂತ ಹೆಚ್ಚು ಉದ್ದ. ಇಲ್ಲಿಯವರೆಗೆ ನಿಮ್ಮ ಮಾತು ಪೂರ್ತಿ ಸರಿ.

ಆದರೆ ಈ 0.39 ಎಂಬ ಸಂಖ್ಯೆಯ ಎದುರು ಸ್ವಲ್ಪ ಹೊತ್ತು ನಿಲ್ಲಿ. ಸಿಲಿಕಾನ್ ಹರಳನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕತ್ತರಿಸಿದರೆ ಸಿಗುವ ಮೇಲ್ಮೈಗೆ 111 ಮೇಲ್ಮೈ ಎಂದು ಹೆಸರು. ಅದರ ಮೇಲೆ ಅಣುಗಳ ವಿನ್ಯಾಸ ಪ್ರತಿ 0.384 ನ್ಯಾನೋಮೀಟರಿಗೆ ಒಮ್ಮೆ ಮರುಕಳಿಸುತ್ತದೆ. ನಿಧಾನವಾದ ಎಲೆಕ್ಟ್ರಾನ್‌ನ ಅಲೆ ಹೆಚ್ಚುಕಡಿಮೆ ಆ ಅಂತರದಷ್ಟೇ ಇದೆ. ಹಸಿರು ಬೆಳಕಿನ ತರಂಗಾಂತರ 550 ನ್ಯಾನೋಮೀಟರ್ ಆಸುಪಾಸು. ಅದರ ಪಕ್ಕದಲ್ಲಿಟ್ಟರೆ ನಮ್ಮ 'ದುರ್ಬಲ' ಎಲೆಕ್ಟ್ರಾನ್ ಸಾವಿರದ ನಾನೂರು ಪಟ್ಟು ಸಣ್ಣ ಅಲೆಯುಳ್ಳದ್ದು. ಹಾಗಾಗಿ ಕನ್ನಡಕ ತೆಗೆದಿಟ್ಟಷ್ಟು ನಷ್ಟವೇನೂ ಆಗಿಲ್ಲ.

ಆದರೂ ನಷ್ಟವೊಂದು ಆಗಿದೆಯಲ್ಲ, ಅದನ್ನು ಯಾಕೆ ಒಪ್ಪಿಕೊಳ್ಳಬೇಕು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಸಿಗಬೇಕಾದರೆ ನಾವು ನೋಡಬೇಕಾಗಿರುವುದು ಏನು ಎಂಬುದು ಮೊದಲು ಇತ್ಯರ್ಥವಾಗಬೇಕು.

ಒಂದು ಮಿಲಿಮೀಟರ್ ದಪ್ಪದ ಸಿಲಿಕಾನ್ ತುಂಡಿನಲ್ಲಿ ಮೇಲಿಂದ ಕೆಳಗೆ ಎಣಿಸುತ್ತ ಹೋದರೆ ಮೂವತ್ತು ಲಕ್ಷಕ್ಕೂ ಹೆಚ್ಚು ಅಣುಪದರಗಳಿರುತ್ತವೆ. ಕಬ್ಬಿಣಕ್ಕೆ ತುಕ್ಕು ಶುರುವಾಗುವುದು, ವೇಗವರ್ಧಕ ಲೋಹದ ಮೇಲೆ ಅನಿಲಗಳು ಕೂಡಿ ಬೇರೊಂದಾಗುವುದು, ಚಿಪ್ ತಯಾರಿಕೆಯಲ್ಲಿ ಒಂದರ ಮೇಲೊಂದು ಪದರ ಬೆಳೆಯುವುದು, ಇವೆಲ್ಲ ಮೇಲಿನ ಒಂದೆರಡು ಪದರಗಳ ವ್ಯವಹಾರ. ಎರಡು ಲಕ್ಷ ವೋಲ್ಟ್‌ನಲ್ಲಿ ನುಗ್ಗುವ ಎಲೆಕ್ಟ್ರಾನ್‌ಗೆ ಇವು ಲೆಕ್ಕಕ್ಕೇ ಇಲ್ಲ. ಅದಕ್ಕಾಗಿ ವಸ್ತುವನ್ನು ನೂರು ನ್ಯಾನೋಮೀಟರ್‌ಗಿಂತ ತೆಳುವಾಗಿ ಕೆತ್ತಿ ಇಟ್ಟರೂ ಅದರಲ್ಲಿ ಮುನ್ನೂರು ಪದರಗಳು ಉಳಿಯುತ್ತವೆ, ಎಲ್ಲವನ್ನೂ ಹಾದು ಬಂದ ಎಲೆಕ್ಟ್ರಾನ್ ಎಲ್ಲದರ ಸುದ್ದಿಯನ್ನೂ ಒಟ್ಟಿಗೆ ತರುತ್ತದೆ. ಆ ಸಂತೆಯಲ್ಲಿ ಮೇಲಿನ ಪದರದ ದನಿ ಪ್ರತ್ಯೇಕವಾಗಿ ಕೇಳಿಸುವುದು ಬಹಳ ಕಷ್ಟ.

ಶಕ್ತಿ ಇಳಿಸಿದಾಗ ಪರಿಸ್ಥಿತಿ ಬದಲಾಗುತ್ತದೆ. 50ರಿಂದ 100 ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲಿ ಎಲೆಕ್ಟ್ರಾನ್ ಘನವಸ್ತುವಿನೊಳಗೆ ಶಕ್ತಿ ಕಳೆದುಕೊಳ್ಳದೆ ಸಾಗುವ ಸರಾಸರಿ ದೂರ ಅರ್ಧ ನ್ಯಾನೋಮೀಟರ್ ಅಷ್ಟೆ, ಅಂದರೆ ಎರಡು ಮೂರು ಪದರ. ಅದಕ್ಕಿಂತಲೂ ಕಡಿಮೆ ಶಕ್ತಿಯಲ್ಲಿ ಈ ದೂರ ಮತ್ತೆ ಸ್ವಲ್ಪ ಹೆಚ್ಚುತ್ತದೆಯಾದರೂ, ಆಗ ಹಿಂದಕ್ಕೆ ಪುಟಿಯುವ ಎಲೆಕ್ಟ್ರಾನ್‌ಗಳ ಪ್ರಮಾಣ ದೊಡ್ಡದು. ವೇಗದ ಎಲೆಕ್ಟ್ರಾನ್ ಮುಂದಕ್ಕೇ ಚದುರುತ್ತದೆ, ನಿಧಾನದ್ದು ಹಿಂದಕ್ಕೂ ಧಾರಾಳವಾಗಿ ಬರುತ್ತದೆ. ಮೇಲ್ಮೈಯಿಂದ ತಿರುಗಿ ಬಂದದ್ದು ಮೇಲ್ಮೈಯ ಸುದ್ದಿಯನ್ನೇ ತರುತ್ತದೆ. ಶಕ್ತಿಯನ್ನು ಕಡಿಮೆ ಮಾಡುವ ಕಾರಣ ಇಷ್ಟೇ.

ಇದರ ಬೇರು ಹಳೆಯದು. 1925ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕ್ಲಿಂಟನ್ ಡೇವಿಸನ್ ಮತ್ತು ಲೆಸ್ಟರ್ ಜರ್ಮರ್ ನಿಕಲ್ ಲೋಹದ ಮೇಲೆ ಎಲೆಕ್ಟ್ರಾನ್‌ಗಳನ್ನು ಹಾಯಿಸುತ್ತಿದ್ದಾಗ ದ್ರವೀಕೃತ ಗಾಳಿಯ ಸೀಸೆಯೊಂದು ಸಿಡಿಯಿತು. ಉಪಕರಣ ಒಡೆದು, ಒಳಗೆ ಗಾಳಿ ನುಗ್ಗಿ, ಬಿಸಿಯಾಗಿದ್ದ ನಿಕಲ್‌ಗೆ ಆಕ್ಸೈಡಿನ ಪೊರೆ ಹತ್ತಿತು. ಅದನ್ನು ಹೋಗಲಾಡಿಸಲು ಬಹಳ ಹೊತ್ತು ಕಾಯಿಸಿದರು. ಆ ಶಾಖಕ್ಕೆ ಸಣ್ಣ ಸಣ್ಣ ಹರಳುಗಳು ಸೇರಿ ಕೆಲವೇ ದೊಡ್ಡ ಹರಳುಗಳಾದವು. ಮತ್ತೆ ಪ್ರಯೋಗ ಮಾಡಿದಾಗ ಫಲಿತಾಂಶ ಮೊದಲಿನಂತಿರಲಿಲ್ಲ. 1927ರ ಹೊತ್ತಿಗೆ ವಿಷಯ ಸ್ಪಷ್ಟವಾಯಿತು: 54 ವೋಲ್ಟ್‌ನ ಎಲೆಕ್ಟ್ರಾನ್‌ಗಳು 50 ಡಿಗ್ರಿ ಕೋನದಲ್ಲಿ ವಿಶೇಷವಾಗಿ ಹೆಚ್ಚು ಬರುತ್ತಿದ್ದವು. ಅಲೆಗಳು ಹರಳಿನ ಅಣುಸಾಲುಗಳಿಂದ ವಿವರ್ತನೆಗೊಂಡರೆ ಮಾತ್ರ ಹಾಗಾಗಲು ಸಾಧ್ಯ. ಎಲೆಕ್ಟ್ರಾನ್ ಅಲೆಯಂತೆ ವರ್ತಿಸುತ್ತದೆ ಎಂದು ಜಗತ್ತು ಪ್ರಯೋಗದಲ್ಲಿ ನೋಡಿದ್ದು ಹೀಗೆ. ಆ 54 ವೋಲ್ಟ್ ನಿಮ್ಮ ಪ್ರಶ್ನೆಯ 'ಕಡಿಮೆ ಶಕ್ತಿ'ಯ ವ್ಯಾಪ್ತಿಯಲ್ಲೇ ಇದೆ ಎಂಬುದನ್ನು ಗಮನಿಸಿ. ಬರ್ಲಿನ್‌ನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊದಲ ಮಾದರಿ ಕಟ್ಟಿದ್ದು 1931ರಲ್ಲಿ, ಅದರ ನಂತರ.

ವಿವರ್ತನೆಯಿಂದ ಸಿಗುವುದು ಚುಕ್ಕಿಗಳ ವಿನ್ಯಾಸ. ಅಣುಗಳು ಯಾವ ಕ್ರಮದಲ್ಲಿ ಕೂತಿವೆ ಎಂದು ಅದು ಹೇಳುತ್ತದೆ. ಆದರೆ ಮೇಲ್ಮೈಯ ಯಾವ ಜಾಗದಲ್ಲಿ ಯಾವ ಕ್ರಮವಿದೆ, ಒಂದು ಕ್ರಮ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಹೇಳದು. ಹಿಂದೆ ಬಂದ ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಾಗಿಯೇ ಬಿಡದೆ ಮಸೂರಗಳ ಮೂಲಕ ಹಾಯಿಸಿ ಚಿತ್ರವಾಗಿಸಬಾರದೇಕೆ ಎಂದು 1962ರಲ್ಲಿ ಯೋಚಿಸಿದವರು ಅರ್ನ್ಸ್ಟ್ ಬಾವರ್. ಆಗ ಅವರು ಕ್ಯಾಲಿಫೋರ್ನಿಯಾದ ಚೈನಾ ಲೇಕ್‌ನಲ್ಲಿದ್ದರು. ಆ ಯೋಚನೆ ಕೈಗೂಡಿದ್ದು ಜರ್ಮನಿಯ ಕ್ಲೌಸ್ಥಾಲ್‌ನಲ್ಲಿ, ವೋಲ್ಫ್‌ಗಾಂಗ್ ಟೀಲಿಪ್ಸ್ ಜೊತೆಗೂಡಿ, 1985ರಲ್ಲಿ. ನಡುವೆ ಇಪ್ಪತ್ತಮೂರು ವರ್ಷ! ಉಪಕರಣದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ 'ಲೀಮ್' ಎನ್ನುವುದು ವಾಡಿಕೆ. ನಾನೂ ಇಲ್ಲಿಂದ ಹಾಗೆಯೇ ಬರೆಯುತ್ತೇನೆ.

ಇಷ್ಟು ವರ್ಷ ಹಿಡಿಯಲು ಕಾರಣವೇನು? ಇದನ್ನು ಹೇಳುವಾಗ, ನಿಮ್ಮ ಮನಸ್ಸಿನಲ್ಲಿ ಬಹುಶಃ ಆಗಲೇ ಮೂಡಿರುವ ಒಂದು ತಪ್ಪು ಕಲ್ಪನೆಯನ್ನೂ ನಿವಾರಿಸಿಬಿಡಬಹುದು. 'ಕಡಿಮೆ ಶಕ್ತಿಯ ಸೂಕ್ಷ್ಮದರ್ಶಕ' ಎಂದ ಕೂಡಲೆ ಉಪಕರಣದ ಉದ್ದಕ್ಕೂ ಎಲೆಕ್ಟ್ರಾನ್‌ಗಳು ತೆವಳಿಕೊಂಡು ಹೋಗುತ್ತವೆ ಎಂದು ಅನ್ನಿಸುತ್ತದೆ. ಹಾಗೆ ಮಾಡಿದರೆ ಕೆಲಸ ಕೆಡುತ್ತದೆ. ನಿಧಾನದ ಎಲೆಕ್ಟ್ರಾನ್ ಬಡಪಾಯಿ. ಭೂಮಿಯ ಕಾಂತಕ್ಷೇತ್ರ, ಪಕ್ಕದ ವೈರು, ಕೆಳಗಿನ ಮಹಡಿಯ ಲಿಫ್ಟು, ಎಲ್ಲವೂ ಅದರ ದಾರಿ ತಪ್ಪಿಸುತ್ತವೆ. ಮಸೂರಗಳಿಗೂ ಅದನ್ನು ಅಚ್ಚುಕಟ್ಟಾಗಿ ಒಂದೆಡೆ ಸೇರಿಸುವುದು ಕಷ್ಟ. ಅದಕ್ಕೇ ಲೀಮ್‌ನಲ್ಲಿ ಎಲೆಕ್ಟ್ರಾನ್‌ಗಳು ದಾರಿಯುದ್ದಕ್ಕೂ 15ರಿಂದ 20 ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಓಡುತ್ತವೆ. ವಸ್ತುವಿಗೆ ಎರಡು ಮೂರು ಮಿಲಿಮೀಟರ್ ಇರುವಾಗ ಮಾತ್ರ ಬ್ರೇಕ್ ಬೀಳುತ್ತದೆ. ಕೆಲವೇ ಎಲೆಕ್ಟ್ರಾನ್‌ವೋಲ್ಟ್‌ಗಳಷ್ಟು ಶಕ್ತಿಯಲ್ಲಿ ಮೇಲ್ಮೈ ಮುಟ್ಟಿ ಹಿಂದಿರುಗಿದವು ಅದೇ ಎರಡು ಮೂರು ಮಿಲಿಮೀಟರ್‌ನಲ್ಲಿ ಮತ್ತೆ ಹಿಂದಿನ ವೇಗ ಪಡೆಯುತ್ತವೆ. ಕಡಿಮೆ ಶಕ್ತಿ ಎಂಬುದು ಮುಟ್ಟುವ ಕ್ಷಣಕ್ಕೆ ಮಾತ್ರ ಅನ್ವಯಿಸುವ ಮಾತು.

ಈ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅಡುಗೆಮನೆಯ ದೊಡ್ಡ ಬಾಣಲೆಯೊಂದನ್ನು ತೆಗೆದುಕೊಳ್ಳಿ. ಒಂದು ಅಂಚಿನಿಂದ ಗೋಲಿಯನ್ನು ಮೆಲ್ಲಗೆ ಬಿಡಿ. ತಳಕ್ಕೆ ಬರುವ ಹೊತ್ತಿಗೆ ಅದಕ್ಕೆ ಪೂರ್ತಿ ವೇಗ. ಎದುರಿನ ಬದಿ ಹತ್ತುತ್ತ ಹತ್ತುತ್ತ ವೇಗ ಕಳೆದುಕೊಂಡು, ಎದುರಿನ ಅಂಚನ್ನು ತಲುಪುವಾಗ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಘರ್ಷಣೆಯನ್ನು ಸದ್ಯಕ್ಕೆ ಮರೆಯೋಣ. ನಿರ್ವಾತದಲ್ಲಿ ಎಲೆಕ್ಟ್ರಾನ್‌ಗೆ ಅದರ ಕಾಟವಿಲ್ಲ. ಎದುರಿನ ಅಂಚು ಬಿಟ್ಟ ಅಂಚಿಗಿಂತ ಬೆರಳಗಲ ತಗ್ಗಾಗಿದ್ದರೆ, ಆ ಬೆರಳಗಲದ ಇಳಿತಕ್ಕೆ ತಕ್ಕಷ್ಟೇ ವೇಗ ಕೊನೆಯಲ್ಲಿ ಉಳಿದಿರುತ್ತದೆ. ಬಾಣಲೆ ಎಷ್ಟು ಆಳ ಎಂಬುದು ಲೆಕ್ಕಕ್ಕೆ ಬಾರದು.

ಲೀಮ್‌ನಲ್ಲಿ ಎಲೆಕ್ಟ್ರಾನ್ ಹೊರಡುವ ಜಾಗವನ್ನು −20,000 ವೋಲ್ಟ್‌ನಲ್ಲಿ ಇಟ್ಟಿರುತ್ತಾರೆ. ಅದು ಬಾಣಲೆಯ ಒಂದು ಅಂಚು. ನಡುವಿನ ಕೊಳವೆ ಸೊನ್ನೆ ವೋಲ್ಟ್, ಅದೇ ತಳ. ನೋಡಬೇಕಾದ ವಸ್ತುವನ್ನು −19,990 ವೋಲ್ಟ್‌ನಲ್ಲಿಟ್ಟರೆ ಎಲೆಕ್ಟ್ರಾನ್ ಅಲ್ಲಿಗೆ ತಲುಪುವಾಗ ಅದರಲ್ಲಿ ಉಳಿದಿರುವುದು 10 ಎಲೆಕ್ಟ್ರಾನ್‌ವೋಲ್ಟ್. ಲೋಹಗಳ ಗುಣದಿಂದಾಗಿ ಒಂದೆರಡು ವೋಲ್ಟ್ ಆಚೀಚೆ ಆಗುವುದುಂಟು, ತತ್ವ ಇಷ್ಟೇ. ಒಂದು ಗುಂಡಿ ತಿರುಗಿಸಿ −19,990ನ್ನು −19,980 ಮಾಡಿದರೆ 20 ಎಲೆಕ್ಟ್ರಾನ್‌ವೋಲ್ಟ್ ಆಯಿತು. ಹಾಗಾದರೆ ವಸ್ತುವನ್ನು −20,005ಕ್ಕೆ ಏರಿಸಿದರೆ? ಎದುರಿನ ಅಂಚು ಎತ್ತರವಾಯಿತು. ಗೋಲಿ ಅಂಚು ಮುಟ್ಟುವ ಮೊದಲೇ ತಿರುಗಿಬಿಡುತ್ತದೆ. ಎಲೆಕ್ಟ್ರಾನ್‌ಗಳು ವಸ್ತುವನ್ನು ಸೋಕದೆಯೇ ಅದರ ಮುಂದಿನ ವಿದ್ಯುತ್‌ಕ್ಷೇತ್ರದ ಏರಿಳಿತವನ್ನು ಹೊತ್ತು ವಾಪಸಾಗುತ್ತವೆ. ಇದಕ್ಕೆ ಕನ್ನಡಿ ವಿಧಾನ ಎಂದು ಹೆಸರು. ಅದೇ ಉಪಕರಣದಲ್ಲಿ ಈ ಕೆಲಸವೂ ಆಗುತ್ತದೆ.

ನಿಧಾನ ಎಂಬ ಮಾತಿಗೆ ಒಂದು ಅಡಿಟಿಪ್ಪಣಿ ಹಾಕಲೇಬೇಕು. 10 ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನ್ ಕೂಡ ಸೆಕೆಂಡಿಗೆ ಸುಮಾರು 1,900 ಕಿಲೋಮೀಟರ್ ಓಡುತ್ತದೆ. ಬೀದರ್‌ನಿಂದ ಚಾಮರಾಜನಗರ ಮುಟ್ಟಲು ಅದಕ್ಕೆ ಅರ್ಧ ಸೆಕೆಂಡೂ ಬೇಡ. 20,000 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಓಡುವ ತನ್ನದೇ ರೂಪದ ಎದುರು ಮಾತ್ರ ಅದು ನಿಧಾನ. ಆ ವೇಗ ಬೆಳಕಿನ ವೇಗದ ಕಾಲುಭಾಗಕ್ಕಿಂತ ಹೆಚ್ಚು.

ಇನ್ನೊಂದು ತೊಡಕಿದೆ. ಎಲೆಕ್ಟ್ರಾನ್‌ಗಳು ನೇರ ಹೋಗಿ ನೇರ ಹಿಂದಿರುಗುವುದಾದರೆ ಹೋಗುವ ದಾರಿ, ಬರುವ ದಾರಿ ಎರಡೂ ಒಂದೇ. ಪರದೆಯನ್ನು ಎಲ್ಲಿಡುವುದು? ಹೊರಟ ಜಾಗಕ್ಕೇ ಅವು ವಾಪಸು ಬಂದರೆ ಚಿತ್ರ ನೋಡುವವರು ಯಾರು? ಇದಕ್ಕೆ ಕಾಂತಕ್ಷೇತ್ರ ನೆರವಾಗುತ್ತದೆ. ಕಾಂತಕ್ಷೇತ್ರದ ಬಲ ಎಲೆಕ್ಟ್ರಾನ್ ಚಲಿಸುವ ದಿಕ್ಕನ್ನು ಅವಲಂಬಿಸಿದೆ. ನಮ್ಮ ರಸ್ತೆಗಳಲ್ಲಿ ಹೋಗುವವರೂ ಬರುವವರೂ ತಮ್ಮ ತಮ್ಮ ಎಡಕ್ಕೆ ಸರಿಯಬೇಕೆಂಬ ನಿಯಮವಿದೆಯಲ್ಲ, ಪಾಲಿಸುತ್ತೇವೋ ಇಲ್ಲವೋ ಬೇರೆ ಮಾತು, ಹಾಗೆಯೇ ಇಲ್ಲಿ ಒಳಹೋಗುವ ಕಿರಣವೂ ಹೊರಬರುವ ಕಿರಣವೂ ತಮ್ಮ ತಮ್ಮ ಒಂದೇ ಬದಿಗೆ ಬಾಗುತ್ತವೆ. ಎದುರುಬದುರು ಚಲಿಸುವವರು ಹೀಗೆ ಮಾಡಿದರೆ ದಾರಿಗಳು ಬೇರೆಯಾಗುತ್ತವೆ. ಎಲೆಕ್ಟ್ರಾನ್‌ಗಳನ್ನು ಹೊರಡಿಸುವ ಬಂದೂಕು ಒಂದು ಕವಲಿನಲ್ಲಿ, ಪರದೆ ಇನ್ನೊಂದು ಕವಲಿನಲ್ಲಿ.

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನೀವು ನೋಡಿರಬಹುದು. ಅದು ಸಣ್ಣ ಮೊನೆಯಂಥ ಕಿರಣದಿಂದ ವಸ್ತುವನ್ನು ಸಾಲುಸಾಲಾಗಿ ತಡವುತ್ತ ಚಿತ್ರ ಕಟ್ಟುತ್ತದೆ. ಲೀಮ್ ಹಾಗಲ್ಲ. ಕೆಲವು ಮೈಕ್ರೋಮೀಟರ್‌ನಿಂದ ಹಿಡಿದು ನೂರರವರೆಗಿನ ಅಗಲದ ಜಾಗದ ಪೂರ್ತಿ ಚಿತ್ರ ಒಮ್ಮೆಗೇ ಪರದೆಯ ಮೇಲೆ ಬೀಳುತ್ತದೆ. ಇದರಿಂದ ಆಗುವ ಅನುಕೂಲ ದೊಡ್ಡದು. ವಸ್ತುವನ್ನು ಕಾಯಿಸುತ್ತಲೇ, ಅದರ ಮೇಲೆ ಇನ್ನೊಂದು ಪದರ ಬೆಳೆಸುತ್ತಲೇ, ನಡೆಯುವುದನ್ನು ನಡೆಯುವಾಗಲೇ ವಿಡಿಯೊದಂತೆ ನೋಡಬಹುದು. ನನ್ನನ್ನು ಕೇಳಿದರೆ ಲೀಮ್‌ನ ನಿಜವಾದ ಹೆಚ್ಚುಗಾರಿಕೆ ಇದೇ. ಇದಕ್ಕಿಂತ ಸೂಕ್ಷ್ಮವಾದ ಚಿತ್ರ ಕೊಡುವ ಉಪಕರಣಗಳು ಬೇರೆ ಇವೆ.

ಈಗ, ಆ ಚಿತ್ರದಲ್ಲಿ ಕಾಣುವುದೇನು? ಮಲೆನಾಡಿನ ಗುಡ್ಡದ ಮೇಲೆ ನಿಂತು ಕೆಳಗಿನ ಕಣಿವೆಯ ಗದ್ದೆಗಳನ್ನು ನೋಡಿದ್ದೀರಾ? ಮೆಟ್ಟಿಲು ಮೆಟ್ಟಿಲಾಗಿ ಇಳಿದ ಮಟ್ಟಸವಾದ ಹರಹುಗಳು, ಒಂದೊಂದರ ಅಂಚಿಗೆ ಬದುವಿನ ಗೆರೆ. ಹರಳಿನ ಮೇಲ್ಮೈಯೂ ಹಾಗೆಯೇ. ಎಷ್ಟೇ ನಯವಾಗಿ ಉಜ್ಜಿದರೂ ಅದರಲ್ಲಿ ಮಟ್ಟಸವಾದ ಹರಹುಗಳೂ ಅವುಗಳ ನಡುವೆ ಒಂದು ಪದರದಷ್ಟು ಎತ್ತರದ ಮೆಟ್ಟಿಲುಗಳೂ ಇದ್ದೇ ಇರುತ್ತವೆ. ಸಿಲಿಕಾನ್‌ನ 111 ಮೇಲ್ಮೈಯಲ್ಲಿ ಮೆಟ್ಟಿಲಿನ ಎತ್ತರ 0.31 ನ್ಯಾನೋಮೀಟರ್. ಇಷ್ಟು ಸಣ್ಣ ಮೆಟ್ಟಿಲು ಲೀಮ್‌ನಲ್ಲಿ ಸ್ಪಷ್ಟ ಗೆರೆಯಾಗಿ ಕಾಣುತ್ತದೆ. ಹೇಗೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಮೇಲಿನ ಹರಹಿನಿಂದ ಹಿಂದಿರುಗಿದ ಅಲೆಗಿಂತ ಕೆಳಗಿನ ಹರಹಿನಿಂದ ಹಿಂದಿರುಗಿದ ಅಲೆ ಮೆಟ್ಟಿಲಿನ ಎತ್ತರವನ್ನು ಇಳಿದು ಮತ್ತೆ ಏರಬೇಕು. ಹೆಚ್ಚುವರಿ ದಾರಿ 0.62 ನ್ಯಾನೋಮೀಟರ್. 1 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ತರಂಗಾಂತರ 1.23 ನ್ಯಾನೋಮೀಟರ್. ಅಂದರೆ ಎರಡೂ ಅಲೆಗಳು ಅರ್ಧ ತರಂಗದಷ್ಟು ಹಿಂದೆಮುಂದೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು, ಮೆಟ್ಟಿಲಿನ ಅಂಚಿನಲ್ಲಿ ಪರಸ್ಪರ ಅಳಿಸಿಹಾಕುತ್ತವೆ. ಫೋಕಸನ್ನು ಕೂದಲೆಳೆಯಷ್ಟು ತಪ್ಪಿಸಿದರೆ ಅಲ್ಲೊಂದು ಕಪ್ಪು ಗೆರೆ ಎದ್ದು ಬರುತ್ತದೆ. ನೀವು ದೋಷವೆಂದುಕೊಂಡ ಉದ್ದನೆಯ ತರಂಗಾಂತರ ಇಲ್ಲಿ ಕೆಲಸಕ್ಕೆ ಬಂದಿದೆ.

ಅಣುವಿನೆತ್ತರದ ಮೆಟ್ಟಿಲು ಕಂಡಿತು ಎಂದ ಮಾತ್ರಕ್ಕೆ ಅಣುಗಳೇ ಕಂಡವು ಎಂದುಕೊಳ್ಳಬೇಡಿ. ಗುಡ್ಡದ ಮೇಲಿನಿಂದ ಬದುವಿನ ಗೆರೆ ಕಾಣುತ್ತದೆ, ಗದ್ದೆಯಲ್ಲಿರುವ ಭತ್ತದ ತೆನೆ ಕಾಣುವುದಿಲ್ಲ. ಎತ್ತರದ ವ್ಯತ್ಯಾಸದಲ್ಲಿ ಲೀಮ್‌ನ ದೃಷ್ಟಿ ಅಷ್ಟು ಚುರುಕು. ಅಕ್ಕಪಕ್ಕದ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ತೋರಿಸುವುದರಲ್ಲಿ ಮಾತ್ರ ಅದರ ಮಿತಿ ಸಾಮಾನ್ಯವಾಗಿ 5ರಿಂದ 10 ನ್ಯಾನೋಮೀಟರ್.

ಇಲ್ಲಿಗೆ ನಿಮ್ಮ ಮೂಲಪ್ರಶ್ನೆಗೇ ಮರಳಿದೆವು. ಈ 5 ನ್ಯಾನೋಮೀಟರ್ ಮಿತಿಗೆ ತರಂಗಾಂತರ ಕಾರಣವೆ? ಅದರದ್ದೂ ಪಾಲಿದೆ, ಆದರೆ ಮುಖ್ಯ ಆರೋಪಿ ಮಸೂರ. ಎಲೆಕ್ಟ್ರಾನ್ ಮಸೂರಗಳು ಗಾಜಿನ ಮಸೂರಗಳಷ್ಟು ಒಳ್ಳೆಯವಲ್ಲ. ಅಂಚಿನಲ್ಲಿ ಹಾದ ಎಲೆಕ್ಟ್ರಾನ್‌ಗಳನ್ನೂ ನಡುವೆ ಹಾದವುಗಳನ್ನೂ ಅವು ಒಂದೇ ಬಿಂದುವಿಗೆ ತಾರವು. ಶಕ್ತಿಯಲ್ಲಿ ಕಿಂಚಿತ್ ಹೆಚ್ಚುಕಡಿಮೆ ಇರುವ ಎಲೆಕ್ಟ್ರಾನ್‌ಗಳನ್ನೂ ಅಷ್ಟೆ. ಈ ದೋಷಗಳು ಸಾಮಾನ್ಯ ದುಂಡು ಮಸೂರಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡಿವೆ, ತಪ್ಪಿಸಲಾಗದು ಎಂದು ಜರ್ಮನಿಯ ಒಟ್ಟೊ ಶೆರ್ಟ್ಸರ್ 1936ರಲ್ಲೇ ಸಾಧಿಸಿ ತೋರಿಸಿದ್ದರು. ಹೆಚ್ಚು ಶಕ್ತಿಯ ಸೂಕ್ಷ್ಮದರ್ಶಕಗಳೂ ಇದರಿಂದ ಪಾರಾಗಿರಲಿಲ್ಲ. 0.0025 ನ್ಯಾನೋಮೀಟರ್ ತರಂಗಾಂತರವಿದ್ದೂ ಅವು ದಶಕಗಳ ಕಾಲ 0.1, 0.2 ನ್ಯಾನೋಮೀಟರ್ ಆಸುಪಾಸಿನಲ್ಲೇ ಉಳಿದಿದ್ದವು, ಅಂದರೆ ತರಂಗಾಂತರ ಬಿಟ್ಟುಕೊಡುವುದಕ್ಕಿಂತ ಹತ್ತಾರು ಪಟ್ಟು ಹಿಂದೆ. 'ತರಂಗಾಂತರ ಕಿರಿದಾದಷ್ಟೂ ವಿವರ ಹೆಚ್ಚು' ಎಂಬ ನಿಯಮ ಮಸೂರ ನಿರ್ದೋಷಿಯಾಗಿದ್ದಾಗ ಪೂರ್ತಿ ಸರಿ. ಪಠ್ಯಪುಸ್ತಕ ಆ ಷರತ್ತನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಿಮಗೆ ತೊಡಕಾದದ್ದು.

ಲೀಮ್‌ನಲ್ಲಿ ಈ ದೋಷವನ್ನು ಸರಿಪಡಿಸಿದ ಬಗೆ ಸೊಗಸಾಗಿದೆ. ಮಸೂರಕ್ಕಿರುವ ದೋಷ ಎಲೆಕ್ಟ್ರಾನ್ ಕನ್ನಡಿಗೂ ಇದೆ, ಆದರೆ ಅದನ್ನು ವಿರುದ್ಧ ದಿಕ್ಕಿಗೆ ಹೊಂದಿಸಲು ಬರುತ್ತದೆ. ದಾರಿಯಲ್ಲಿ ಒಂದು ಕನ್ನಡಿಯಿಟ್ಟು ಎರಡೂ ದೋಷಗಳು ಒಂದನ್ನೊಂದು ಕಳೆಯುವಂತೆ ಮಾಡಿದರೆ ಚಿತ್ರ ಚೊಕ್ಕಟವಾಗುತ್ತದೆ. ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ರೂಡ್ ಟ್ರೊಂಪ್ ಮತ್ತು ಜೊತೆಗಾರರು ಹೀಗೆ ಮಾಡಿ ಮಿತಿಯನ್ನು 2 ನ್ಯಾನೋಮೀಟರ್‌ಗಿಂತ ಕೆಳಗೆ ತಂದರು. ಎಲೆಕ್ಟ್ರಾನ್‌ನ ಶಕ್ತಿ ಹೆಚ್ಚಿಸದೆಯೇ ಸ್ಪಷ್ಟತೆ ಹೆಚ್ಚಿತು.

ವಸ್ತುವಿನ ರಚನೆಯನ್ನು ತಿಳಿಯಲು ಇದೆಲ್ಲ ಹೇಗೆ ನೆರವಾಯಿತು ಎಂಬುದಕ್ಕೆ ಬಾವರ್ ಮತ್ತು ಟೀಲಿಪ್ಸ್ 1985ರಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಸಿಲಿಕಾನ್‌ನ 111 ಮೇಲ್ಮೈಯನ್ನು ನಿರ್ವಾತದಲ್ಲಿ ಚೊಕ್ಕಟಗೊಳಿಸಿದರೆ ಮೇಲಿನ ಅಣುಗಳು ಒಳಗಿನವುಗಳ ಕ್ರಮವನ್ನೇ ಅನುಸರಿಸುವುದಿಲ್ಲ. ಏಳು ಅಗಲ, ಏಳು ಉದ್ದದ ದೊಡ್ಡದೊಂದು ವಿನ್ಯಾಸಕ್ಕೆ ತಮ್ಮನ್ನು ಮರುಜೋಡಿಸಿಕೊಳ್ಳುತ್ತವೆ. 0.384 ನ್ಯಾನೋಮೀಟರ್‌ಗೊಮ್ಮೆ ಮರುಕಳಿಸುತ್ತಿದ್ದದ್ದು 2.69 ನ್ಯಾನೋಮೀಟರ್‌ಗೊಮ್ಮೆ ಮರುಕಳಿಸತೊಡಗುತ್ತದೆ. ಇದಕ್ಕೆ 7×7 ರಚನೆ ಎನ್ನುತ್ತಾರೆ. ಇದರ ಚುಕ್ಕಿ ವಿನ್ಯಾಸ 1959ರಲ್ಲೇ ಕಂಡಿತ್ತು. ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದರೆ ಆ ವಿನ್ಯಾಸ ಮಾಯವಾಗುತ್ತದೆ, ತಣಿಸಿದರೆ ಮತ್ತೆ ಬರುತ್ತದೆ ಎಂಬುದೂ ಗೊತ್ತಿತ್ತು. ಚುಕ್ಕಿಗಳು ಹೇಳದಿದ್ದದ್ದು ಅದು ಹೇಗೆ ಮರಳುತ್ತದೆ ಎಂಬುದನ್ನು. ಮೇಲ್ಮೈ ಇಡೀ ಒಮ್ಮೆಗೇ ಮೆಲ್ಲಮೆಲ್ಲಗೆ ಬದಲಾಗುತ್ತದೆಯೆ, ಅಥವಾ ಒಂದು ಕಡೆ ಶುರುವಾಗಿ ಹರಡುತ್ತದೆಯೆ?

ಲೀಮ್‌ನಲ್ಲಿ ನೋಡಿದಾಗ ಉತ್ತರ ಕಣ್ಣಿಗೇ ಕಂಡಿತು. ತಣಿಯತೊಡಗಿದ ಮೇಲ್ಮೈಯಲ್ಲಿ 7×7 ರಚನೆ ಮೊದಲು ಹುಟ್ಟುವುದು ಮೆಟ್ಟಿಲಿನ ಮೇಲ್ಬದಿಯ ಅಂಚಿಗೆ. ಅಲ್ಲಿಂದ ಅದು ಹರಹಿನ ಒಳಕ್ಕೆ ಚಾಚಿಕೊಳ್ಳುತ್ತದೆ. ಹಳೆಯ ಕ್ರಮ ಕಪ್ಪಾಗಿ, ಹೊಸದು ಬಿಳಿಯಾಗಿ, ಎರಡೂ ಅಕ್ಕಪಕ್ಕದಲ್ಲಿ. ಚುಕ್ಕಿಗಳನ್ನು ಮಾತ್ರ ನೋಡುತ್ತಿದ್ದಾಗ ಇದು ತಿಳಿಯುವಂತಿರಲಿಲ್ಲ, ಏಕೆಂದರೆ ಚುಕ್ಕಿಯ ಹೊಳಪು ಕುಂದಿದರೆ ಎಲ್ಲೆಡೆ ಸ್ವಲ್ಪ ಸ್ವಲ್ಪ ಕೆಟ್ಟಿದೆಯೋ ಅರ್ಧಭಾಗ ಪೂರ್ತಿ ಕೆಟ್ಟಿದೆಯೋ ಎಂದು ಹೇಳಲು ಬಾರದು.

ಲೀಮ್‌ನಲ್ಲಿ ಚುಕ್ಕಿಗಳನ್ನೂ ನೋಡಬಹುದು. ಒಂದು ಮಸೂರದ ಬಲ ಬದಲಾಯಿಸಿದರೆ ಚಿತ್ರದ ಜಾಗದಲ್ಲಿ ವಿವರ್ತನೆಯ ಚುಕ್ಕಿಗಳು ಮೂಡುತ್ತವೆ. ಸಣ್ಣ ರಂಧ್ರವೊಂದರಿಂದ ಯಾವುದಾದರೂ ಒಂದು ಚುಕ್ಕಿಯನ್ನಷ್ಟೇ ಒಳಬಿಟ್ಟು ಮತ್ತೆ ಚಿತ್ರಕ್ಕೆ ಮರಳಿದರೆ, ಆ ಚುಕ್ಕಿಗೆ ಕಾರಣವಾದ ರಚನೆ ಇರುವ ಜಾಗಗಳು ಮಾತ್ರ ಬೆಳಗುತ್ತವೆ, ಉಳಿದದ್ದೆಲ್ಲ ಕತ್ತಲು. ಯಾವ ರಚನೆ ಎಂಬ ಪ್ರಶ್ನೆಗೂ ಎಲ್ಲಿದೆ ಎಂಬ ಪ್ರಶ್ನೆಗೂ ಒಂದೇ ಕಡೆ ಉತ್ತರ.

ಗ್ರಾಫೀನ್ ಹೆಸರು ನೀವು ಕೇಳಿರುತ್ತೀರಿ, ಒಂದೇ ಅಣುಪದರ ದಪ್ಪದ ಇಂಗಾಲದ ಹಾಳೆ. ಸಿಲಿಕಾನ್ ಕಾರ್ಬೈಡನ್ನು ಚೆನ್ನಾಗಿ ಕಾಯಿಸಿದರೆ ಸಿಲಿಕಾನ್ ಆವಿಯಾಗಿ ಹೋಗಿ, ಉಳಿದ ಇಂಗಾಲ ಗ್ರಾಫೀನ್ ಆಗಿ ನಿಲ್ಲುತ್ತದೆ. ಆದರೆ ಎಲ್ಲಿ ಒಂದು ಪದರ, ಎಲ್ಲಿ ಎರಡು, ಎಲ್ಲಿ ಮೂರು? ಮಳೆ ಬಿದ್ದ ರಸ್ತೆಯ ಮೇಲೆ ಪೆಟ್ರೋಲ್ ಚೆಲ್ಲಿದಾಗ ಪೊರೆಯ ದಪ್ಪಕ್ಕೆ ತಕ್ಕಂತೆ ಬಣ್ಣ ಕಾಣುವುದಲ್ಲ, ಇಲ್ಲಿಯೂ ಅಂಥದೇ ಅಲೆಗಳ ಆಟ. ವಸ್ತುವಿನ ವೋಲ್ಟೇಜನ್ನು ಮೆಲ್ಲಗೆ ಬದಲಿಸಿ ಎಲೆಕ್ಟ್ರಾನ್‌ನ ಶಕ್ತಿಯನ್ನು ಸೊನ್ನೆಯಿಂದ ಏಳೆಂಟು ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಏರಿಸುತ್ತ ಹೋದರೆ ಪ್ರತಿಯೊಂದು ಜಾಗದ ಹೊಳಪೂ ಏರಿಳಿಯುತ್ತದೆ. ಒಂದು ಪದರವಿದ್ದಲ್ಲಿ ಒಂದು ತಗ್ಗು, ಎರಡಿದ್ದಲ್ಲಿ ಎರಡು, ಮೂರಿದ್ದಲ್ಲಿ ಮೂರು. ಜಪಾನಿನ ಹಿರೊಕಿ ಹಿಬಿನೊ ಮತ್ತು ಸಂಗಡಿಗರು 2008ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ತಗ್ಗುಗಳನ್ನು ಎಣಿಸಿದರೆ ಪದರಗಳನ್ನು ಎಣಿಸಿದಂತೆ. ನಿಮ್ಮ ಸೆಮಿನಾರಿಗೆ ಇದೊಂದೇ ಉದಾಹರಣೆ ಸಾಕಾಗಬಹುದು, ಕಪ್ಪುಹಲಗೆಯ ಮೇಲೆ ಬಿಡಿಸುವುದಕ್ಕೂ ಸುಲಭ.

ಇನ್ನು ಚಿಟ್ಟೆಯ ರೆಕ್ಕೆ. ಇದಕ್ಕೆ ಲೀಮ್ ಒಗ್ಗುವುದಿಲ್ಲ. ಮೊದಲನೆಯದಾಗಿ, ರೆಕ್ಕೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಬಿದ್ದ ಎಲೆಕ್ಟ್ರಾನ್‌ಗಳು ಹರಿದುಹೋಗಲಾರದೆ ಅಲ್ಲೇ ಗುಂಪುಗೂಡಿದರೆ, ಮುಂದೆ ಬರುವವುಗಳನ್ನು ದೂರ ತಳ್ಳುತ್ತವೆ. ಹತ್ತು ವೋಲ್ಟ್‌ನ ಹಿಡಿತದಲ್ಲಿ ನಡೆಯುವ ಪ್ರಯೋಗಕ್ಕೆ ಅಷ್ಟು ಸಾಕು ಕೆಡಲು. ಎರಡನೆಯದಾಗಿ, ವಸ್ತುವಿಗೂ ಮಸೂರಕ್ಕೂ ನಡುವೆ ಒಂದೊಂದು ಮಿಲಿಮೀಟರಿಗೆ ಹತ್ತು ಸಾವಿರ ವೋಲ್ಟ್‌ನಷ್ಟು ಕ್ಷೇತ್ರವಿರುತ್ತದೆ. ಮೇಲ್ಮೈ ಕನ್ನಡಿಯಂತೆ ಸಮತಟ್ಟಾಗಿರದಿದ್ದರೆ ಪ್ರತಿ ಉಬ್ಬೂ ಚಿತ್ರವನ್ನು ಸೊಟ್ಟಗಾಗಿಸುತ್ತದೆ, ಕಿಡಿ ಹಾರಿದರೂ ಆಶ್ಚರ್ಯವಿಲ್ಲ. ರೆಕ್ಕೆಯ ಮೇಲೋ ಹೆಂಚು ಹೊದಿಸಿದಂತೆ ಪುಡಿಯ ಹುರುಪೆಗಳು. ಮೂರನೆಯದು ನಿರ್ವಾತ. ಗಾಳಿಯ ಒತ್ತಡವನ್ನು 10 ಲಕ್ಷದಲ್ಲೊಂದು ಟಾರ್‌ಗೆ ಇಳಿಸಿದರೂ ಚೊಕ್ಕಟ ಲೋಹದ ಮೇಲೆ ಉಳಿದ ಅನಿಲದ ಅಣುಗಳು ಒಂದು ಸೆಕೆಂಡಿನಲ್ಲಿ ಪೂರ್ತಿ ಪದರ ಹೊದಿಸಬಲ್ಲವು. ಮೇಲಿನ ಪದರವನ್ನೇ ನೋಡುವ ಉಪಕರಣಕ್ಕೆ ಆಗ ಕಾಣುವುದು ಕೊಳೆ ಮಾತ್ರ. ಆದ್ದರಿಂದ ಒತ್ತಡವನ್ನು ಅದಕ್ಕಿಂತ ಹತ್ತು ಸಾವಿರ ಪಟ್ಟು ಕೆಳಗೆ ಇಳಿಸುತ್ತಾರೆ, ಆಗ ಮೂರು ಗಂಟೆಯಷ್ಟು ಸಮಯ ಸಿಗುತ್ತದೆ. ಅಂಥ ಕೋಣೆಯೊಳಗೆ ತೇವವಿರುವ, ಕಾಯಿಸಿ ಶುದ್ಧಿ ಮಾಡಲಾಗದ ಜೀವವಸ್ತುವನ್ನು ಯಾರೂ ಬಿಟ್ಟುಕೊಳ್ಳಲಾರರು.

ರೆಕ್ಕೆಗೆ ಬೇಕಾದದ್ದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಚಿನ್ನದ ತೆಳು ಲೇಪ ಕೊಟ್ಟು ಅದರಲ್ಲಿಟ್ಟರೆ ಹುರುಪೆಗಳೂ ಅವುಗಳ ಮೇಲಿನ ಗೀರುಗಳೂ ಚೆನ್ನಾಗಿ ಕಾಣುತ್ತವೆ. ಸೂಕ್ಷ್ಮದರ್ಶಕವಿರುವ ಸಂಸ್ಥೆಗೆ ನಿಮ್ಮ ಅಧ್ಯಾಪಕರ ಮೂಲಕ ಬರೆದು ಕೇಳಿ. ರೆಕ್ಕೆಯನ್ನು ಬೆರಳಿನಿಂದ ಮುಟ್ಟದೆ, ಒಣಗಿಸಿ, ಕಾಗದದ ಮಡಿಕೆಯಲ್ಲಿಟ್ಟು ಒಯ್ಯಿರಿ. ಬೆರಳು ತಗುಲಿದರೆ ಹುರುಪೆಗಳು ಉದುರಿಹೋಗುತ್ತವೆ.